ಮುತ್ತಜ್ಜನ ಹೆಂಡತಿಯನ್ನು ಬರೆಯದ ಗಣತಿದಾರರಿಗೆ

ಪರಲೋಕದಲ್ಲೂ ಮನೆ ಮನೆ ಹತ್ತಿ ತಲೆ ಎಣಿಸುತ್ತಿರಬಹುದಾದ ಮಾನ್ಯರೇ,

ಬಹರೈನಿನ ಗುದೈಬಿಯಾದಿಂದ ಮಹಾಬಲನ ಸಾಷ್ಟಾಂಗ ನಮಸ್ಕಾರಗಳು. ಬ್ರಿಟಿಷರ ಕಾಲದಲ್ಲಿ ತಾವು ನಮ್ಮೂರಿನಲ್ಲಿ ಬರೆದ ಜನಗಣತಿಯ ಹಾಳೆಗಳ ಫೋಟೊ, ಶ್ಯಾನುಭೋಗರ ಮೊಮ್ಮಗನ ದಯೆಯಿಂದ ನನ್ನ ಮೊಬೈಲಿಗೆ ಬಂದಿದೆ. ಅಕ್ಷರ ಮುತ್ತು ಪೋಣಿಸಿದಂತಿದೆ.

ಅದರಲ್ಲಿ ನನ್ನ ಮುತ್ತಜ್ಜ, ಅಂದರೆ ಅಜ್ಜಿಯ ಅಪ್ಪ, ಮನೆಯ ಯಜಮಾನರಾಗಿದ್ದಾರೆ. ತಂಗಿ ಇದ್ದಾರೆ, ತಂಗಿಯ ಮಕ್ಕಳಿದ್ದಾರೆ, ಕೆಲಸದಾಳೂ ಇದ್ದಾನೆ, ಹೆಂಡತಿ ಮಕ್ಕಳು ಮಾತ್ರ ಇಲ್ಲ. ಮದುವೆಯಾಗಿದೆಯೋ ಇಲ್ಲವೋ ಎಂಬ ಅಂಕಣವನ್ನು ಗೆದ್ದಲು ತಿಂದಿದೆ. ಅರ್ಧಂಬರ್ಧ ಓದಿದ ನಾನು, ಮುತ್ತಜ್ಜ ತಂಗಿಯ ಮಕ್ಕಳಿಗಾಗಿ ಆಜನ್ಮ ಬ್ರಹ್ಮಚಾರಿಯಾಗಿ ಉಳಿದ ತ್ಯಾಗಿ ಎಂದು ಇಲ್ಲಿನ ನಮ್ಮ ಸಂಘದ ಸಭೆಯಲ್ಲಿ ಗದ್ಗದಿತನಾಗಿ ಭಾಷಣ ಬಿಗಿದೆ. ಚಪ್ಪಾಳೆಯೂ ಬಿತ್ತು. ಹಾಗಾದರೆ ನಾನು ಯಾರ ಮರಿಮಗ ಎಂಬ ಪ್ರಶ್ನೆ ಹೊಳೆದದ್ದು ನನಗಲ್ಲ, ಮುಂದಿನ ಸಾಲಿನಲ್ಲಿದ್ದ ಪ್ರೇಮನಾಥರಿಗೆ.

ಊರಿನಲ್ಲಿರುವ ಹೆಂಡತಿ ಲೀಲಾಕ್ಷಿಗೆ ಫೋನಿನಲ್ಲಿ ಗೋಳು ತೋಡಿಕೊಂಡರೆ, "ಅಳಿಯಸಂತಾನದವರ ಹೆಂಡತಿಯನ್ನು ಗಂಡನ ಮನೆಯಲ್ಲಿ ಹುಡುಕುದಾ ಮಾರಾಯ್ರೆ? ಮುತ್ತಜ್ಜಿಯ ಅಣ್ಣನ ಮನೆ ನೋಡಿ" ಎಂದು ನಕ್ಕಳು. ನೋಡಿದೆ. ಗದ್ದೆಯಾಚೆಯ ಮನೆಯ ಹಾಳೆಯಲ್ಲಿ, ಅಣ್ಣನ ಹೆಸರಿನ ಕೆಳಗೆ ಮುತ್ತಜ್ಜಿ ದುಗ್ಗಮ್ಮ, ಅವರ ಕೆಳಗೆ ಮಕ್ಕಳು. ಕೊನೆಯ ಕೂಸು ನನ್ನ ಅಜ್ಜಿ. ಮಕ್ಕಳು ತಾಯಿಮನೆಯ ಲೆಕ್ಕಕ್ಕೆ ಸೇರುವ ಕುಲದಲ್ಲೇ ಹುಟ್ಟಿ ಇಷ್ಟೂ ತಿಳಿಯದ ನನ್ನನ್ನು ತಾವು ನಿಸ್ಸಂಕೋಚವಾಗಿ ಅನಕ್ಷರಸ್ಥರ ಪಟ್ಟಿಗೆ ಸೇರಿಸಬಹುದು.

ಆದರೂ ಒಂದು ಬಿನ್ನಹ. ಇಲ್ಲಿ ಸಂಸಾರ ಕರೆಸಿಕೊಳ್ಳುವಷ್ಟು ಸಂಬಳವಿಲ್ಲದ ಗಂಡಸರನ್ನೆಲ್ಲ ಬ್ಯಾಚುಲರ್ ಎನ್ನುವುದು ವಾಡಿಕೆ. ಹಾಗಾಗಿ ಮಕ್ಕಳು ಕಾಲೇಜಿಗೆ ಬಂದರೂ ನಾನಿನ್ನೂ ಬ್ಯಾಚುಲರ್ ರೂಮಿನ ಬ್ಯಾಚುಲರ್. ಲೀಲಾಕ್ಷಿ, ರಜತ್, ಅಶ್ಮಿತಾ ಅವಳ ತಾಯಿಮನೆಯ ಲೆಕ್ಕದಲ್ಲಿದ್ದಾರೆ. ನಾಳೆ ಯಾವನೋ ಮರಿಮಗ ನನ್ನನ್ನೂ ತ್ಯಾಗಿ ಮಾಡಿ ಭಾಷಣ ಬಿಗಿಯುವ ಮೊದಲು, ತಾವು ದಯಮಾಡಿ ಮೇಲಿನಿಂದ ಇಳಿದು ಬಂದು, ನನ್ನ ಹೆಸರಿನ ಕೆಳಗೆ ಆ ಮೂವರ ಹೆಸರನ್ನೂ ಬರೆದು ಹೋಗಬೇಕು. ಅವರಿಲ್ಲದೆ ನನಗೆ ಬಹಳ ಬೇಸರವಾಗುತ್ತದೆ.

ಎರಡು ಮನೆಯ ಲೆಕ್ಕಕ್ಕೂ ಸಿಗದ,
ತಮ್ಮ ವಿಶ್ವಾಸಿ,
ಮಹಾಬಲ

ವಿ.ಸೂ.: ಮುತ್ತಜ್ಜ ದಿನವೂ ಸಂಜೆ ಮಿಂದು, ಗದ್ದೆ ದಾಟಿ ಹೆಂಡತಿಯ ಮನೆಗೆ ಹೋಗುತ್ತಿದ್ದರಂತೆ. ತಾವು ಹಗಲಲ್ಲೇ ಎಣಿಸಿ ಹೋದಿರಿ, ಅದು ನಿಮ್ಮ ತಪ್ಪಲ್ಲ. ನನ್ನನ್ನು ಎಣಿಸಲು ಯಾವ ಹೊತ್ತಿಗೆ ಬಂದರೂ ಇಲ್ಲೇ ಇರುತ್ತೇನೆ. ನಡುವೆ ಇರುವುದು ಸಮುದ್ರ, ಅದನ್ನು ದಾಟಲು ಮ್ಯಾನೇಜರರ ಸಹಿ ಬೇಕು.