ಹೆಸರು ಹೇಳದೆ ಹೇಳಿದ್ದು

ಟಕ್! ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರ ಕೈಯಲ್ಲಿ ಎರಡು ಮರದ ತುಂಡು ಜೋಡಿಸಿದ ಕ್ಲ್ಯಾಪರ್ ಇರುತ್ತಿತ್ತು. ಅದು ಟಕ್ ಎಂದರೆ ಇಡೀ ಕ್ಲಾಸು ಸೈಲೆಂಟ್. ನನ್ನ ಬಾಯಿ ಮುಚ್ಚಿಸಲು ಸಾಧ್ಯವಾದ ಏಕೈಕ ಸದ್ದು ಅದು. ಆಮೇಲೆ ಮದುವೆಯಾಯಿತು, ಗಂಡ ಪ್ರಯತ್ನಪಟ್ಟರು, ಸೋತರು. ನಂಜನಗೂಡಿನ ಶಾಲೆಯಲ್ಲಿ ಇಂಗ್ಲಿಷ್ ಮಿಸ್ಸಾದೆ. ಅಲ್ಲಂತೂ ಬಾಯಿ ತೆರೆದಿರುವುದಕ್ಕೇ ಸಂಬಳ. ಗುಟ್ಟು ಕಾಪಾಡುವುದು ಒಳ್ಳೆಯ ಗುಣವೆಂದು ಎಲ್ಲರಂತೆ ನಾನೂ ನಂಬಿದ್ದೇನೆ. ನಂಬುವುದಕ್ಕೇನು, ಬೆಳಗಿನ ವಾಕಿಂಗ್ ಒಳ್ಳೆಯದೆಂದೂ ನಂಬಿದ್ದೇನೆ.

ನನ್ನ ಅಣ್ಣನ ಮೊಮ್ಮಗಳು ಸಿಂಚನಾ ಮೈಸೂರಿನಲ್ಲಿ ಮಾಸ್ ಕಮ್ಯುನಿಕೇಶನ್ ಎಂ.ಎ. ಓದುತ್ತಾಳೆ. ನಂಜನಗೂಡು ಮತ್ತು ತಿ. ನರಸೀಪುರದಲ್ಲಿ ಜನ ತಮ್ಮ ಅಂಗಡಿ, ಹೋಟೆಲುಗಳಿಗೆ ಹೆಸರು ಹೇಗೆ ಆರಿಸುತ್ತಾರೆ ಎಂಬುದು ಅವಳ ರಿಸರ್ಚು. "ಅದಕ್ಕೆ ರಿಸರ್ಚ್ ಯಾಕೇ? ಇಲ್ಲಿ ನಂಜುಂಡೇಶ್ವರ, ಅಲ್ಲಿ ನರಸಿಂಹಸ್ವಾಮಿ. ಬೇಕರಿಯೂ ಅವರದೇ, ಪಂಚರ್ ಅಂಗಡಿಯೂ ಅವರದೇ. ಥೀಸಿಸ್ ಮುಗೀತು" ಎಂದೆ. ಆದರೂ ಅಂಗಡಿಯವರಲ್ಲಿ ಅರ್ಧ ಜನ ನನ್ನ ಹಳೆಯ ಸ್ಟೂಡೆಂಟ್ಸ್ ಎಂದು ನನ್ನನ್ನು ಜೊತೆಗೆ ಕರೆದುಕೊಂಡು ಹೊರಟಳು. ಹೊರಡುವ ಮುಂಚೆ ಒಂದು ಉಪದೇಶ. ಒಪ್ಪಿಗೆ ಪಡೆಯದೆ ಏನೂ ಕೇಳಬಾರದು. ಉತ್ತರವನ್ನು ನಾವೇ ಅವರ ಬಾಯಿಗೆ ತುರುಕಬಾರದು. ಅವರು ಹೇಳಿದ್ದನ್ನು ಹೊರಗೆ ಆಡಬಾರದು, ಎಲ್ಲವೂ ಕಾನ್ಫಿಡೆನ್ಶಿಯಲ್. "ನನಗೇ ಎಥಿಕ್ಸ್ ಹೇಳಿಕೊಡ್ತೀಯಾ? ನಾನು ಮಾರಲ್ ಸೈನ್ಸ್‌ನಲ್ಲಿ ಪ್ರೈಜ್ ತಗೊಂಡೋಳು" ಎಂದೆ. ಮೊದಲನೆಯ ಗ್ಯಾರೇಜಿನಲ್ಲೇ "ಭಕ್ತಿಯಿಂದ ತಾನೇ ಈ ಹೆಸರು ಇಟ್ಟಿದ್ದು?" ಎಂದು ಕೇಳಿಬಿಟ್ಟೆ. ಆತ "ಊಂ ಮಿಸ್ಸು" ಎಂದು ಕೈಕಟ್ಟಿ ನಿಂತ. ಸಿಂಚನಾ ಹಣೆ ಚಚ್ಚಿಕೊಂಡಳು.

ನರಸೀಪುರದ ರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿಗೆ ಹೆಸರಾದ 'ವಿಮಲಾ ಟಿಫನ್ ರೂಮ್' ಎಂಬ ಸಣ್ಣ ಹೋಟೆಲು. ನಡೆಸುತ್ತಿದ್ದವರು ಮಹದೇವಮ್ಮ, ಗಂಡ ತೀರಿಕೊಂಡ ಹೆಂಗಸು. ಸಿಂಚನಾ ತನ್ನ ನಿಯಮಗಳನ್ನೆಲ್ಲ ಓದಿ ಹೇಳಿ, ಇಷ್ಟವಿಲ್ಲದಿದ್ದರೆ ಉತ್ತರ ಕೊಡಬೇಕಾಗಿಲ್ಲ ಎಂದಳು. ಮಹದೇವಮ್ಮ ನಕ್ಕರು: "ಅಯ್ಯೋ ನಮ್ಮವ್ವ, ನನ್ ಮದ್ವೆಲೂ ನನ್ನ ಇಷ್ಟು ಮರ್ವಾದೆಯಾಗಿ ಯಾರೂ ಕೇಳ್ನಿಲ್ಲ."

ಆಮೇಲೆ ಹೇಳಿದರು. ವಿಮಲಾ ಅವರ ಮಗಳಲ್ಲ, ಅತ್ತೆಯೂ ಅಲ್ಲ. "ನಮ್ ಯಜಮಾನ್ರು ನನ್ಗಿಂತ ಮುಂಚೆ ಆಸೆಪಟ್ಟಿದ್ ಹುಡ್ಗಿ ಕಣವ್ವ. ಅವ್ರ ಮನೆಯೋರು ಕೊಡ್ನಿಲ್ಲ. ಇವ್ರು ಬೋರ್ಡ್ ಬರೆಸ್ಕಂಡ್ರು."

"ನಿಮಗೆ ಸಂಕಟ ಆಗಲಿಲ್ವಾ?" ಎಂದೆ. ಸಿಂಚನಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

"ಸಂಕ್ಟ ಯಾಕ್ ಮಿಸ್ಸು? ಬೋರ್ಡ್ ಅವಳ್ದು, ಗಲ್ಲಾಪೆಟ್ಗೆ ನಂದು!" ಎಂದರು ಮಹದೇವಮ್ಮ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನನ್ ಮಗನ್ಗೆ ಮಾತ್ರ ಗೊತ್ತಾಗ್ಬಾರ್ದು. ಹೆಣ್ ಮಗಾ ಆದ್ರೆ ಇಡಾದು ಅಂತ ಎತ್ತಿಟ್ಟಿದ್ ಹೆಸ್ರು ಅಂತ ಏಳಿವ್ನಿ. ಅವ್ನ್ಗೆ ಅವ್ರಪ್ಪ ಅಂದ್ರೆ ದೇವ್ರು."

ಇಲ್ಲೊಂದು ಅಡ್ಡಮಾತು. ನಮ್ಮ ಕಡೆ ಹಿಂದಿನ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಸುತ್ತಲಿನದನ್ನೆಲ್ಲ ಹೇಳಿ ಹೆಸರನ್ನು ಕೇಳುವವರ ಬಾಯಿಂದಲೇ ಹೊರಡಿಸುತ್ತಿದ್ದರು. ನನ್ನ ತಂದೆ ನಂಜುಂಡಪ್ಪ. ರೇಷನ್ ಕಾರ್ಡಿಗೆ ಯಜಮಾನರ ಹೆಸರೇನೆಂದು ಕೇಳಿದ ಗುಮಾಸ್ತನಿಗೆ ನಮ್ಮಮ್ಮ ನಾಚಿಕೊಂಡು, "ಅದೇ, ವಿಷ ಕುಡಿದರಲ್ಲ, ಅವರು" ಎಂದಿದ್ದಳು. ಬೇರೆ ಸೀಮೆಯ ಆ ಗುಮಾಸ್ತ ಗಾಬರಿಯಾಗಿ "ಯಾವಾಗ ತೀರಿಕೊಂಡರಮ್ಮಾ?" ಎಂದು ಎದ್ದು ನಿಂತನಂತೆ. ಅವನೊಬ್ಬನನ್ನು ಬಿಟ್ಟರೆ ಸುತ್ತ ಇದ್ದವರಿಗೆಲ್ಲ ಹೆಸರು ಗೊತ್ತಾಗಿತ್ತು. ಹೆಸರು ಹೇಳಲಿಲ್ಲವೆಂಬ ಪುಣ್ಯ ಅಮ್ಮನಿಗೆ ಉಳಿಯಿತು.

ನಾನು ಆ ತಾಯಿಯ ಮಗಳು. ಸ್ವಲ್ಪ ದಿನದಲ್ಲೇ ನಂಜನಗೂಡಿನಲ್ಲಿ ನೆಂಟರ ಮನೆಯ ಸೀಮಂತ. ಊಟವಾಗಿ ಹೆಂಗಸರೆಲ್ಲ ಎಲೆಅಡಿಕೆ ಹಿಡಿದು ಕೂತಿದ್ದರು. ಮಾತು ಸಪ್ಪಗಿತ್ತು, ನನಗೆ ತಡೆಯಲಾಗಲಿಲ್ಲ. ನಿಯಮ ಮರೆತಿದ್ದೆನೆಂದು ತಿಳಿಯಬೇಡಿ, ಅಷ್ಟೂ ನೆನಪಿತ್ತು. ಆದ್ದರಿಂದಲೇ ಹೆಸರು ಹೇಳಲಿಲ್ಲ. ನರಸೀಪುರದ ರಸ್ತೆ ಎಂದೆ, ಹೊಂಗೆ ಮರ ಎಂದೆ, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಎಂದೆ. 'ಬೋರ್ಡ್ ಅವಳ್ದು, ಗಲ್ಲಾಪೆಟ್ಗೆ ನಂದು' ಎನ್ನುವುದನ್ನು ಆ ಹೆಂಗಸಿನ ದನಿಯಲ್ಲೇ ಆಕ್ಟ್ ಮಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಚಿಕ್ಕಪ್ಪನ ಮಗಳು ಪಾರ್ವತಿ ಕಣ್ಣೊರೆಸಿಕೊಳ್ಳುತ್ತಾ, "ಅಕ್ಕಾ, ವಿಮಲಾ ಟಿಫನ್ ರೂಮ್ ತಾನೇ?" ಎಂದಳು.

ಆಗಲೂ ಅವಕಾಶವಿತ್ತು, ಅಲ್ಲ ಎನ್ನಬಹುದಿತ್ತು. ನಾನೇನು ಮಾಡಿದೆ ಗೊತ್ತೇ? ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ, "ನಾನು ಹೆಸರು ಹೇಳಲ್ಲಪ್ಪ" ಎಂದು ನಕ್ಕೆ.

ಪಾರ್ವತಿಯ ಅಳಿಯ ತಾಂಡ್ಯದ ಒಂದು ಕಾರ್ಖಾನೆಯಲ್ಲಿದ್ದಾನೆ. ಮಹದೇವಮ್ಮನ ಮಗನೂ ಅಲ್ಲೇ. "ಏನಪ್ಪಾ, ನಿಮ್ ಇನ್ನೊಬ್ಬ ಅಮ್ಮ ವಿಮಲಮ್ಮ ಚೆನ್ನಾಗವ್ರಾ?" ಎಂದು ಊಟದ ಹೊತ್ತಿನಲ್ಲಿ ಯಾರೋ ಕೇಳಿದರಂತೆ. ಆ ಹುಡುಗ ಊಟ ಬಿಟ್ಟು ಎದ್ದು ಮನೆಗೆ ಬಂದು ತಾಯಿಯನ್ನು ಒಂದೇ ಮಾತು ಕೇಳಿದ. ಅವರು ಸುಳ್ಳು ಹೇಳಲಿಲ್ಲ. ಅವನು ಏಣಿ ತಂದು ಬೋರ್ಡು ಕಿತ್ತು ಹಾಕಿದ.

ಸಿಂಚನಾ ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. "ಅಜ್ಜಿ, ಅವರ ಇಂಟರ್‌ವ್ಯೂ ತೆಗೆದುಹಾಕಿದೆ. ಗುಟ್ಟು ಹೇಗೆ ಹೊರಗೆ ಹೋಯ್ತು ಅಂತ ನಮ್ಮ ಗೈಡ್‌ಗೆ ಬರೆದು ಕೊಡ್ಬೇಕು" ಎಂದಳಷ್ಟೆ.

ನಾನು ಎಂಥವಳು ನೋಡಿ. "ನನ್ನ ಹೆಸರು ಹಾಕ್ಬೇಡ ಕಣೇ" ಎಂದೆ.

"ಖಂಡಿತ ಹಾಕಲ್ಲ ಅಜ್ಜಿ. ನನ್ನ ತಾತನ ತಂಗಿ, ನಂಜನಗೂಡಿನ ರಿಟೈರ್ಡ್ ಇಂಗ್ಲಿಷ್ ಮಿಸ್ಸು ಅಂತಷ್ಟೇ ಬರೀತೀನಿ."

ಕೊನೆಗೆ ಒಬ್ಬಳೇ ಬಸ್ಸು ಹತ್ತಿ ಕ್ಷಮೆ ಕೇಳಲು ಹೋದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಚಂದದ ವಾಕ್ಯಗಳು ಹೊಳೆದವು. ಅಲ್ಲಿ ಮುಟ್ಟಿದಾಗ ಒಂದೂ ಉಳಿದಿರಲಿಲ್ಲ. ಬೋರ್ಡಿದ್ದ ಕಡೆ ಗೋಡೆ ಬಿಸಿಲು ಕಾಣದೆ ಹೊಸದರಂತಿತ್ತು. ಮಹದೇವಮ್ಮ ಕಾವಲಿಯ ಮುಂದೆ ನಿಂತಿದ್ದರು. "ತಪ್ಪಾಯ್ತಮ್ಮ" ಎಂದೆ. ಮಗ ಮಾತಾಡುತ್ತಾನಾ ಎಂದು ಕೇಳಿದೆ.

"ನನ್ ಜೊತೆ ಆಡ್ತನೆ. ಅವ್ರಪ್ಪನ್ ಪಟಕ್ಕೆ ಹೂ ಇಕ್ಕಾದ ಬುಟ್ಬುಟ್ಟವ್ನೆ" ಎಂದರು.

ಗಿರಾಕಿಗಳ ಬೆಂಚಿನ ಮೇಲೆ ಕೂತೆ. ಏಳುವಾಗ, ನಾಚಿಕೆಯನ್ನು ಎಲ್ಲಾದರೂ ಇಳಿಸಿದರೆ ಸಾಕೆನಿಸಿ, "ಇದನ್ನ ಬರೀಲೇನಮ್ಮ?" ಎಂದು ಕೇಳಿದೆ. ಅವರು ರೊಟ್ಟಿ ಮಗುಚಿ ಹಾಕಿ ಮೊದಲ ಸಲ ನನ್ನ ಮುಖ ನೋಡಿದರು.

"ಈ ಸಲನಾರ ಕೇಳುದ್ರಲ್ಲ. ಬರ್ಕಳಿ. ನನ್ ಹೆಸ್ರು, ನನ್ ಓಟ್ಲು, ನಾನ್ ಮಾಡೋ ತಿಂಡಿ, ಎಲ್ಲಾನೂ ಬದಲಾಯ್ಸಿ. ನೀವ್ ಯಾರು ಅನ್ನಾದು ಮಾತ್ರ ಓದ್ದೋರ್ಗೆಲ್ಲ ಗೊತ್ತಾಗ್ಬೇಕು."

ಅವರು ಹೇಳಿದಂತೆಯೇ ಮಾಡಿದ್ದೇನೆ. ನಾನು ಅವರನ್ನು ನೋಡಿದ್ದು ಅದೇ ಕೊನೆ. ಸೆರಗಿನಿಂದ ಹೊಗೆ ಓಡಿಸುತ್ತಾ, ಹೊಸದಾಗಿ ಬಂದ ಗಿರಾಕಿಗೆ ಎಲೆ ಹಾಕುತ್ತಿದ್ದರು.