ತಿಜೋರಿಯ ನಂಬರು ಬಲ್ಲವ ನಾನೊಬ್ಬನೇ

ಬೊಂಬಾಯಿಯಲ್ಲಿ ನಾನಿದ್ದ ಹೋಟೆಲಿನ ತಿಜೋರಿಯ ನಂಬರು ಇಡೀ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ನಮ್ಮ ಧಣಿಗಳು, ಇನ್ನೊಬ್ಬ ನಾನು. ಧಣಿಗಳು ತೀರಿಹೋದರು, ಹೋಟೆಲು ಕೆಡವಿದರು, ತಿಜೋರಿ ಗುಜರಿಗೆ ಹೋಯಿತು. ಇದು ಸುಳ್ಳು ಅನ್ನುವವರಿದ್ದರೆ ಮೇಲೆ ಹೋಗಿ ಧಣಿಗಳನ್ನೇ ಕೇಳಿಕೊಂಡು ಬರಲಿ, ನನ್ನದೇನೂ ಅಡ್ಡಿಯಿಲ್ಲ. ಒಮ್ಮೆ ಅಲ್ಲಿಯ ಪೋಲೀಸರು ಯಾವುದೋ ಕೇಸಿಗೆ ನನ್ನನ್ನು ಹಿಡಿದುಕೊಂಡು ಹೋಗಿ, ನಂಬರು ಹೇಳು ಅಂತ ಐಸುಗಡ್ಡೆಯ ಮೇಲೆ ಕೂರಿಸಿದರು. ಐಸು ಕರಗಿ, ನೀರಾಗಿ, ಸ್ಟೇಷನ್ನಿನ ಬಾಗಿಲು ದಾಟಿ ರಸ್ತೆಗೆ ಹರಿಯಿತು. ನಾನು ಕರಗಲಿಲ್ಲ. ಈಗ ತಿಜೋರಿಯೇ ಇಲ್ಲದ ಮೇಲೆ ಹೇಳಿದರೆ ಪಾಪ ಬರುವುದಿಲ್ಲ: ಬಲಕ್ಕೆ ಏಳು, ಎಡಕ್ಕೆ ಎರಡು, ಬಲಕ್ಕೆ ಒಂಬತ್ತು, ಎಡಕ್ಕೆ ನಾಲ್ಕು, ಕಡೆಗೆ ಬಾಗಿಲಿಗೆ ಮೊಣಕಾಲಲ್ಲೊಂದು ಗುದ್ದು.

ಅಂಥ ನಾನು ಈಗ ಹೆಮ್ಮಾಡಿಯಲ್ಲಿ ಸೊಸೆಯ ಶಾಮಿಯಾನದಂಗಡಿಯ ಕೌಂಟರಿನಲ್ಲಿ ಕೂತಿದ್ದೇನೆ. ಪೆಂಡಾಲು, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಯಾರ ಮನೆಯಲ್ಲಿ ಯಾವತ್ತು ಮದುವೆ, ಯಾರ ಫೋನ್ ನಂಬರು ಯಾವುದು, ಎಲ್ಲ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿದೆ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕನ್ನಡ ಕಲಿತದ್ದು ಬಸ್ಸಿನ ಬೋರ್ಡು ನೋಡಿ, ಅಂಕೆ ಕಲಿತದ್ದು ತಿಜೋರಿ ತಿರುಗಿಸಿ. ಆದರೆ ಮುಚ್ಚಿಡಬೇಕಾದ್ದನ್ನು ಮುಚ್ಚಿಡುವುದಕ್ಕೆ ಶಾಲೆ ಯಾಕೆ? ಬಾಯಿಗೆ ಒಂದು ಬೀಗ ಇದ್ದರೆ ಸಾಕು. ಅದು ನಮ್ಮ ಕಡೆ ಯಾರಿಗೂ ಇಲ್ಲ. ಇವತ್ತು ಕುಂದಾಪುರದಲ್ಲಿ, ನಾಳೆ ಬೈಂದೂರಲ್ಲಿ, ನಾಡಿದ್ದು ಬ್ರಹ್ಮಾವರದಲ್ಲಿ, ದಿನ ಬೆಳಗಾದರೆ ಇದೇ ರಗಳೆ. ನೋಡಿ ನೋಡಿ ನನಗೆ ಸಾಕಾಗಿದೆ.

ಸೊಸೆ ಮಾತ್ರ ಊರಿನವರನ್ನು ಬಿಟ್ಟು ನನ್ನ ಮೇಲೇ ಕಣ್ಣಿಟ್ಟಿದ್ದಾಳೆ. "ಮಾವ, ಅಂಗ್ಡಿ ಗುಟ್ಟ್ ಹೊರ್ಗ್ ಹೋಯ್ತಂದ್ರೆ ನಿಮ್ಮ್ ಕುರ್ಚಿ ಹಿಂದಿನ ಶೆಡ್ಡಿಗೆ. ಅಲ್ಲ್ ಕೂಕಂಡ್ ನೀವ್ ಸೌಟ್ ತೊಳೀನಿ" ಅಂತ ಹೇಳಿಬಿಟ್ಟಿದ್ದಾಳೆ. ಶೆಡ್ಡಿನಿಂದ ಹೆದ್ದಾರಿ ಕಾಣುವುದಿಲ್ಲ, ಅಲ್ಲಿಗೆ ಜನ ಬರುವುದಿಲ್ಲ. ಜನ ಇಲ್ಲದ ಕಡೆ ನನ್ನಂಥವ ಬದುಕುವುದು ಹೇಗೆ?

ಜಿಲೇಬಿಯ ಪೊಟ್ಟಣ

ಕುಂದಾಪುರದ ಒಂದು ಲ್ಯಾಬಿನಲ್ಲಿ ನನ್ನ ರಕ್ತ ಪರೀಕ್ಷೆಯಾಯಿತು. ಸಕ್ಕರೆ ಇದೆ ಅಂದರು. ರಿಪೋರ್ಟು ಮನೆಗೆ ತಂದರೆ ತಾನೆ ತೊಂದರೆ ಅಂತ ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ. ಹೆಂಡತಿ ಕೇಳಿದಾಗ, "ಎಂತದೂ ಇಲ್ಲೆ. ನನ್ನ್ ರಕ್ತ ಕಂಡ್ ಡಾಕ್ಟ್ರೇ ಬೆರ್ಗಾಯ್ರ್" ಅಂದೆ.

ಸ್ವಲ್ಪ ದಿನ ಕಳೆದು, ಪೇಟೆಗೆ ಹೋದವ ಜಿಲೇಬಿ ಕಟ್ಟಿಸಿಕೊಂಡು ಬಂದೆ. ಹೆಂಡತಿ ಪೊಟ್ಟಣ ಬಿಚ್ಚಿದಳು. ಬಿಚ್ಚಿದವಳು ಜಿಲೇಬಿ ನೋಡುವುದು ಬಿಟ್ಟು ಕಾಗದ ನೋಡಿದಳು. ಇಂಗ್ಲಿಷು. ಸೊಸೆಯನ್ನು ಕರೆದಳು.

"ಮಾವ, ಇದ್ರಲ್ಲ್ ನಿಮ್ಮ್ ಹೆಸ್ರ್ ಇತ್ತ್ ಕಾಣಿ."

ನನ್ನ ಹೆಸರು, ನನ್ನ ಊರು, ನನ್ನ ಫೋನ್ ನಂಬರು, ನನ್ನ ಸಕ್ಕರೆ, ಅದರ ಮೇಲೆ ಜಿಲೇಬಿಯ ಪಾಕ. ಎಂತ ಸಾವು ಮಾರಾಯ್ರೆ! ಲ್ಯಾಬಿನವರು ಬೇಡವಾದ ಕಾಗದವನ್ನು ಹರಿದು ಹಾಕಬೇಕೋ ಬೇಡವೋ? ಕಟ್ಟು ಕಟ್ಟಿ ತೂಕಕ್ಕೆ ಮಾರಿದ್ದಾರೆ. ನನ್ನ ಹೊಟ್ಟೆಯ ಗುಟ್ಟು ಪೇಟೆಯಿಡೀ ತಿರುಗಿ, ನನ್ನದೇ ಕೈಯಲ್ಲಿ ನನ್ನ ಮನೆಗೆ ಬಂತು. ನಾನು ಇದನ್ನೆಲ್ಲ ಸಿಟ್ಟಿನಿಂದ ಹೇಳುತ್ತಾ ಇದ್ದೆ. ಹೆಂಡತಿ ಪೊಟ್ಟಣ ತನ್ನ ಕಡೆಗೆ ಎಳೆದುಕೊಂಡಳು.

"ಹ್ವಾಯ್, ಜಿಲೇಬಿ ನಾವ್ ತಿಂತೊ. ನೀವ್ ಕಾಗ್ದ ನೆಕ್ಕಿ."

ಬಸ್ಸಿಗೆಲ್ಲ ಹಂಚಿದ ಓಟಿಪಿ

ಬೈಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಅಲ್ಲಿಯದೇ ಟೈಲ್ಸ್ ಅಂಗಡಿಯ ಸಾಹುಕಾರರು. ಅವರಿಗೆ ಕುಂದಾಪುರದಿಂದ ಲೆಕ್ಕ ಬರೆಯುವವನ ಫೋನು: ಟ್ಯಾಕ್ಸು ಕಟ್ಟುವುದಕ್ಕೆ ಕೂತಿದ್ದೇನೆ, ನಿಮ್ಮ ಮೊಬೈಲಿಗೆ ಓಟಿಪಿ ಬಂದಿದೆ, ಬೇಗ ಹೇಳಿ.

ಇವರು ಹೇಳಿದರು. ಡ್ರೈವರು ಹಾರ್ನು ಹೊಡೆದ. ಇವರು ಮತ್ತೂ ಗಟ್ಟಿಯಾಗಿ ಹೇಳಿದರು. ಎದುರಿನಿಂದ ಲಾರಿ ಬಂತು. ಆಚೆಯವನಿಗೆ ಕೇಳಲೇ ಇಲ್ಲ. ಕಂಡಕ್ಟರನಿಗೆ ಕನಿಕರ ಬಂತು. ಮೊಬೈಲು ಕಸಿದುಕೊಂಡು, ಕಿಟಕಿಗೆ ಬೆನ್ನು ಕೊಟ್ಟು, ಯಕ್ಷಗಾನದ ವೇಷದ ಹಾಗೆ ಕೂಗಿದ: "ಐದ್! ಸೊನ್ನೆ! ಮೂರ್ ಅಂಬ್ರ್! ಕೇಂತಾ?"

ಹಿಂದಿನ ಸೀಟಿನಿಂದ ಒಬ್ಬಳು ಅಜ್ಜಿ ಎದ್ದು ನಿಂತಳು. "ಮೂರಲ್ಲ ಮಾರಾಯಾ, ಎಂಟ್! ಅವ್ರ್ ಆಗ್ಳೇ ಎಂಟ್ ಅಂದ್ರಲೆ."

ಬಸ್ಸಿನಲ್ಲಿ ಎರಡು ಪಾರ್ಟಿಯಾಯಿತು, ಮೂರರದ್ದೊಂದು, ಎಂಟರದ್ದೊಂದು. ನನಗೆ ತಡೆಯಲಾಗಲಿಲ್ಲ. ಸಾಹುಕಾರರ ಕಿವಿಯಲ್ಲಿ ಹೇಳಿದೆ: "ಅದ್ರ್ ಕೆಳ್ಗ್ ಎಂತ ಬರ್ದಿತ್ತ್ ಅಂತ ಓದಿ ಕಾಣಿ." ಅವರು ಮೊಬೈಲು ವಾಪಸು ಇಸಕೊಂಡು, ಕನ್ನಡಕ ಸರಿಮಾಡಿ ಓದಿದರು. ಮುಖ ಬಿಳಚಿಕೊಂಡಿತು. ಕಂಡಕ್ಟರನ ಅಂಗಿ ಹಿಡಿದು ಜಗ್ಗಿ, ಇದನ್ನು ಯಾರಿಗೂ ಹೇಳಬಾರದಂತೆ ಅಂದರು.

ಕಂಡಕ್ಟರು ಒಳ್ಳೆಯವನು. ಕೂಡಲೇ ಸೀಟಿ ಊದಿ ಬಸ್ಸು ನಿಲ್ಲಿಸಿದ. "ಹ್ವಾಯ್, ಎಲ್ರೂ ಕೇಣಿ! ಆ ನಂಬ್ರ್ ಯಾರಿಗೂ ಹೇಳುಕಾಗ ಅಂಬ್ರ್. ಇಳ್ದ್ ಹೋಪವ್ರ್ ಇಲ್ಲೇ ಮರ್ತ್ ಇಳೀನಿ!"

ಮುಡಿಹಗ್ಗದ ಬಂದೋಬಸ್ತು

ಬ್ರಹ್ಮಾವರದಲ್ಲಿ ನನ್ನ ಪರಿಚಯದ ಅಕ್ಕಿ ಮಿಲ್ಲಿನ ಯಜಮಾನರೊಬ್ಬರಿದ್ದಾರೆ. ಅವರಿಗೆ ಕಂಪ್ಯೂಟರು ಹಾಕಿಕೊಟ್ಟವನು ಕೈಮುಗಿದು ಹೇಳಿದ್ದ: "ಎಲ್ಲ ಲೆಕ್ಕಕ್ಕೂ ಪೆನ್‌ಡ್ರೈವಿನಲ್ಲಿ ಒಂದು ನಕಲು ಇಟ್ಕೊಳ್ಳಿ. ಅದು ಕಳೆದುಹೋಗಬಾರದು." ಯಜಮಾನರು ನಕಲು ಮಾಡಿಸಿದರು. ಹೆಬ್ಬೆರಳಿನಷ್ಟು ಸಾಮಾನು, ಕಳೆಯದೆ ಇರುತ್ತದೆಯೇ? ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟುವ ಹಗ್ಗ ತಂದು, ಪೆನ್‌ಡ್ರೈವನ್ನು ಕಂಪ್ಯೂಟರಿನ ಸೊಂಟಕ್ಕೇ ಬಿಗಿದರು. ಮುಡಿಗೆ ಹಾಕುವ ಗಂಟು, ಬಿಚ್ಚಬೇಕಾದರೆ ಕತ್ತಿಯೇ ಬೇಕು.

ನಾನು ನೋಡಿದವನು ಹೇಳಿದೆ: "ಬೇರೆ ಕಡೆ ಇಡ್ಕಲ್ದಾ ಇದ್ನ? ನೀವ್ ಮನೆಗ್ ತಕಂಡ್ ಹೋಯ್ನಿ."

"ನಿಮ್ಗ್ ಗೊತ್ತಿಲ್ಲೆ. ಮನೇಲಿ ಮಕ್ಳ್ ಎಲ್ಲ್ಯಾರೂ ಬಿಸಾಡ್ತೊ."

ಆಮೇಲೆ ಮಿಲ್ಲಿಗೆ ಕಳ್ಳ ನುಗ್ಗಿದ. ಕಂಪ್ಯೂಟರು ಎತ್ತಿಕೊಂಡು ಹೋದ. ಸುದ್ದಿ ಕೇಳಿ ನಾನು ಓಡಿಹೋಗಿ, ಉಳಿದದ್ದೆಲ್ಲ ಇರಲಿ, ಪೆನ್‌ಡ್ರೈವು ಎಲ್ಲಿ ಅಂತ ಕೇಳಿದೆ. ಯಜಮಾನರು ತಲೆ ಮೇಲೆ ಕೈ ಹೊತ್ತುಕೊಂಡಿದ್ದವರು ಆ ಒಂದು ಮಾತಿಗೆ ಎದೆ ಸೆಟೆಸಿ ಕೂತರು.

"ಅದೊಂದ್ ಕಳ್ದ್ ಹೋಗ್ಲಿಲ್ಲೆ ಮಾರಾಯ್ರೆ. ಕಂಪ್ಯೂಟರ್ ಈಗ ಎಲ್ಲ್ ಇತ್ತೋ, ಅದೂ ಅಲ್ಲೇ ಇತ್ತ್."

ಹೆಸರು ಹೇಳದ ಮದುವೆ

ಇನ್ನು ನನ್ನ ಮೇಲೆ ಬಂದ ಅಪವಾದ. ಗುಲ್ವಾಡಿಯ ಒಂದು ಮನೆಯವರು ಬಂದು ನಿಶ್ಚಿತಾರ್ಥಕ್ಕೆ ಚಪ್ಪರ ಬುಕ್ ಮಾಡಿದರು. ಹೋಗುವಾಗ, "ನೆಂಟ್ರಿಗೆ ಇನ್ನೂ ಹೇಳ್ಲಿಲ್ಲ, ಸುದ್ದಿ ಹೊರ್ಗ್ ಹೋಪುಕಾಗ" ಅಂದರು. ಸೊಸೆ ಕಂಪ್ಯೂಟರಿಗೆ ಹಾಕಿ ಬಂದ್ ಮಾಡಿದಳು. ನಾನೂ ಬಾಯಿ ಬಂದ್ ಮಾಡಿದೆ.

ಮಧ್ಯಾಹ್ನ ಮೀನಿನ ಅಕ್ಕ ಬಂದಳು. ಮನೆಮನೆಗೆ ಬುಟ್ಟಿ ಹೊತ್ತು ಮೀನು ಮಾರುವವಳು, ನೆರಳಿಗೆ ನಮ್ಮ ಮೆಟ್ಟಿಲ ಮೇಲೆ ಕೂರುತ್ತಾಳೆ. ಒಣಹಾಕಿದ ಚಪ್ಪರದ ಗುಲಾಬಿ ಬಟ್ಟೆ ನೋಡಿ, "ಅಜ್ಜಯ್ಯ, ಯಾರ್ ಮನೆಗ್ ಇದ್?" ಅಂದಳು.

ನಾನು ಕಲ್ಲಿನಂತೆ ಕೂತೆ. ಹೆಸರು ಹೇಳಲಿಲ್ಲ. ಹೊಳೆ ಬದಿಯ ಹಸಿರು ಬಣ್ಣದ ಮನೆ ಅಂತ ಮಾತ್ರ ಹೇಳಿದೆ. ಬ್ಯಾಂಕಿಗೆ ಹೋಗುವ ಹುಡುಗಿ ಅಂದೆ. ಹುಡುಗ ಬೈಂದೂರಿನ ಹೋಟೆಲಿನವರ ಕಿರಿಯವನು, ಸ್ವಲ್ಪ ಕುಂಟು ಅಂದೆ. ಇಷ್ಟೇ. ಹೆಸರು ಕೇಳಿದಾಗ, "ಅದ್ ಮಾತ್ರ ಹೇಳುಕಾಗ. ಐಸ್ ಮೇಲ್ ಕೂರ್ಸಿರೂ ಹೇಳ್ದವ ಅಲ್ಲ ನಾನ್" ಅಂತ ಅಂದೆ.

ಸಂಜೆಯೊಳಗೆ ಸುದ್ದಿ ಹುಡುಗಿಯ ದೊಡ್ಡಪ್ಪನಿಗೆ ಮುಟ್ಟಿತು. ತನಗೆ ಹೇಳದೆ ಸಂಬಂಧ ಕುದುರಿಸಿದ್ದಾರೆ ಅಂತ ಅವರು ಗುಲ್ವಾಡಿಗೆ ಹೋಗಿ ಕೂಗಾಡಿದರು. ಗುಲ್ವಾಡಿಯವರು ಹೆಮ್ಮಾಡಿಗೆ ಬಂದು ಕೂಗಾಡಿದರು. ಸೊಸೆ ಅವರ ಕೈಕಾಲು ಹಿಡಿದು ಕಳಿಸಿ, ನನ್ನ ಕಡೆ ತಿರುಗಿದಳು.

"ಹೆಸ್ರ್ ಹೇಳ್ಲಿಲ್ಲ ನಾನ್" ಅಂದೆ.

"ಹೌದ್ ಮಾವ. ಆಧಾರ್ ಕಾರ್ಡ್ ಒಂದ್ ತೋರ್ಸುದ್ ಬಾಕಿ ಇತ್ತ್."

ಊರಿಗೇ ಬಾಯಿಪಾಠ

ಆವತ್ತೇ ನನ್ನ ಕುರ್ಚಿ ಶೆಡ್ಡಿಗೆ ಹೋಗಬೇಕಿತ್ತು. ನಾನು ವಾದಕ್ಕೆ ನಿಂತೆ. ತಪ್ಪು ಕಂಪ್ಯೂಟರಿನದ್ದು, ಅದರ ಪಿನ್ನು ಅಂಗಡಿಯ ಬೋರ್ಡಿನ ಮೇಲಿರುವ ಫೋನ್ ನಂಬರಿನ ಕೊನೆ, ಹೆದ್ದಾರಿಯಲ್ಲಿ ಹೋಗುವ ಲಾರಿಯವನೂ ಓದಬಹುದು ಅಂದೆ. ಅದು ನಿಜವೇ ಆಗಿತ್ತು. ಸೊಸೆ ಹೊರಗೆ ಹೋಗಿ ಬೋರ್ಡು ನೋಡಿ ಬಂದಳು.

"ಹೊಸ್ತ್ ನಾನ್ ಹಾಕ್ತೆ. ಲೋಕದಲ್ಲ್ ಯಾರಿಗೂ ಗೊತ್ತಿಲ್ದ್ ನಂಬ್ರ್ ನನ್ನ್ ಹತ್ರ ಇತ್ತ್. ನೀ ಆಚೆ ತಿರ್ಗ್."

"ನಂಗೂ ಹೇಳ್ತಿಲ್ರ್ಯಾ?"

"ನಿಂಗೂ ಇಲ್ಲೆ."

ಅವಳಿಗೂ ಹಠ ಬಂತು. "ಆಯ್ತ್ ಮಾವ. ಈ ನಂಬ್ರ್ ಇನ್ನೊಬ್ಬ್ರ್ ಬಾಯಲ್ಲ್ ಕೇಂಡ್ತ್ ಅಂದ್ರೆ ನಾನ್ ಮತ್ತೆ ಮಾತಾಡುದಿಲ್ಲ. ಕುರ್ಚಿ ನೀವೇ ಎತ್ತಿ."

ದಿನಾ ಬೆಳಿಗ್ಗೆ ನಾನು ಬೀಗ ತೆಗೆದ ಹಾಗೆ ಕಂಪ್ಯೂಟರು ತೆಗೆದುಕೊಟ್ಟೆ. ಒಳ್ಳೇ ಗತ್ತಿನಲ್ಲಿ ನಡೆಯುತ್ತಿತ್ತು. ಬಿಜೂರಿನ ಮದುವೆಯ ಬೆಳಿಗ್ಗೆ ಬಂತು. ಟೆಂಪೊ ಬಾಗಿಲಲ್ಲಿ ನಿಂತಿದೆ, ಡ್ರೈವರು ಹಾರ್ನು ಹೊಡೆಯುತ್ತಿದ್ದಾನೆ. ಎಷ್ಟು ಕುರ್ಚಿ, ಯಾವ ಓಣಿ, ಯಾರ ಫೋನು, ಎಲ್ಲ ಕಂಪ್ಯೂಟರಿನೊಳಗೆ. ನಾನು ಬೆರಳು ಎತ್ತಿದೆ. ಎತ್ತಿದ ಬೆರಳು ಹಾಗೇ ನಿಂತಿತು. ನಂಬರು ತಲೆಯಲ್ಲಿಲ್ಲ!

ಏನೋ ಒಂದು ಒತ್ತಿದೆ. ತಪ್ಪು ಅಂದಿತು. ಹುಟ್ಟಿದ ವರ್ಷ ಹಾಕೋಣ ಅಂದರೆ ಅದು ನನಗೇ ಗೊತ್ತಿಲ್ಲ. ಇನ್ನೊಂದು ಒತ್ತಿದೆ. ಅದೂ ತಪ್ಪು.

"ಇನ್ನ್ ತಪ್ಪಿರೆ ಪೂರ್ತಿ ಲಾಕ್ ಆತ್ತ್ ಮಾವ! ಅಲ್ಲ್ ಮುಹೂರ್ತಕ್ಕ್ ಜನ ನೆಲ್ದ್ ಮೇಲ್ ಕೂರ್ಕಾ?" ಸೊಸೆಯ ಕಣ್ಣಲ್ಲಿ ನೀರೇ ಬಂತು.

ಮೀನಿನ ಅಕ್ಕ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದಳು. "ಎಂತ ಆಯ್ತ್?"

"ಅಜ್ಜಯ್ಯ ನಂಬ್ರ್ ಮರ್ತಿರಂಬ್ರ್" ಅಂದ ಡ್ರೈವರು.

"ಅಯ್ಯ, ಅಷ್ಟೆಯಾ? ಆ ತಿಜೋರಿದ್ ಹಾಕಿ ಕಾಣಿ. ಬಲಕ್ಕ್ ಏಳ್..."

"ಎಡಕ್ಕ್ ಎರಡ್!" ಅಂದ ಡ್ರೈವರು ಸ್ಟಿಯರಿಂಗ್ ಹಿಡಿದುಕೊಂಡೇ.

"ಬಲಕ್ಕ್ ಒಂಬತ್ತ್!" ಎದುರಿನ ಪಂಚರ್ ಅಂಗಡಿಯಿಂದ ಕೂಗು ಬಂತು.

"ಎಡಕ್ಕ್ ನಾಕ್!" ಅಂದವನು ಬಸ್ಸಿಗೆ ಕಾಯುತ್ತಿದ್ದ ಒಬ್ಬ. ದೇವರಾಣೆಗೂ ಅವನ ಮುಖ ನಾನು ಕಂಡವನಲ್ಲ.

ಸೊಸೆ ಒತ್ತಿದಳು. ಕಂಪ್ಯೂಟರು ತೆರೆಯಿತು. ಟೆಂಪೊದಿಂದ ಡ್ರೈವರು, "ಮೊಣಕಾಲಂಗ್ ಗುದ್ದುದ್ ಬ್ಯಾಡ್ದಾ ಅಜ್ಜಯ್ಯ?" ಅಂತ ಕೇಳಿದ.

ಸೊಸೆ ಮಾತಾಡುವುದಿಲ್ಲ ಅಂದಿದ್ದಳಲ್ಲ, ಮಾತಾಡಲಿಲ್ಲ. ಬಿಜೂರಿನ ಪಟ್ಟಿ ಡ್ರೈವರನ ಕೈಗೆ ಕೊಟ್ಟು, ನನ್ನ ಕುರ್ಚಿಯನ್ನೇ ನೋಡಿದಳು. ಮೀನಿನ ಅಕ್ಕನೇ ಬಾಯಿಬಿಟ್ಟಳು.

"ಅಲ್ಲ ಅಜ್ಜಯ್ಯ, ಐಸ್ ಮೇಲ್ ಕೂರ್ಸಿರೂ ಪೋಲೀಸರಿಗ್ ಹೇಳದ ನಂಬ್ರ್ ನಮ್ಗೆಲ್ಲ ಎಂತಕ್ಕ್ ಹೇಳ್ದ್ರಿ?"

"ಅವ್ರ್ ಕೇಂಡ್ರ್, ಹೇಳ್ಲಿಲ್ಲ. ನೀವ್ ಕೇಣ್ಲೇ ಇಲ್ಯಲೆ" ಅಂತ ಹೆಗಲು ಹಾರಿಸಿ, ಕುರ್ಚಿ ಎತ್ತಿಕೊಂಡು ಶೆಡ್ಡಿನ ಕಡೆ ಹೊರಟೆ.