ಬೀಳ್ಕೊಡುಗೆಯ ಭಾಷಣ ಬರೆದವರು ಯಾರು

ತಮ್ಮನ್ನು ತಾವೇ ಹೊಗಳಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಥವರು ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಹೀಗೆ ಹೇಳುವ ನಾನು ಇಪ್ಪತ್ತೆರಡು ವರ್ಷಗಳಿಂದ, ವರ್ಷಕ್ಕೊಮ್ಮೆ, ಮೈಕಿನಲ್ಲಿ, ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳ ಸಮ್ಮುಖದಲ್ಲಿ ನನ್ನನ್ನು ನಾನೇ ಹೊಗಳಿಕೊಂಡು ಬಂದಿದ್ದೇನೆ. ಗಂಟಲು ಮಾತ್ರ ನನ್ನದಲ್ಲ. ಅದನ್ನು ಹತ್ತನೇ ತರಗತಿಯ ಮಕ್ಕಳಿಂದ ಎರವಲು ತೆಗೆದುಕೊಳ್ಳುತ್ತೇನೆ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಈ ವರ್ಷ ನಡೆದದ್ದನ್ನು ಹೇಳಬೇಕಾದರೆ ಇದನ್ನು ಮೊದಲು ಒಪ್ಪಿಕೊಳ್ಳಲೇಬೇಕು.

ನಾನು ಮುಂಬಯಿಯ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮಲ್ಲಿ ಪ್ರತಿ ಫೆಬ್ರವರಿಯಲ್ಲಿ ಹತ್ತನೆಯವರಿಗೆ ಬೀಳ್ಕೊಡುಗೆ ಇರುತ್ತದೆ. ಎಲ್ಲರ ಪರವಾಗಿ ಒಬ್ಬರು ಶಾಲೆಯ ದಿನಗಳನ್ನು ನೆನೆದು ಮಾತಾಡಬೇಕು, ಕೊನೆಗೆ ಒಂದಿಷ್ಟು ಕಣ್ಣೀರು ಹಾಕಬೇಕು. ಆದರೆ ನಮ್ಮ ಮಕ್ಕಳ ಕನ್ನಡ ನಿಮಗೆ ಗೊತ್ತಲ್ಲ. ಮನೆಯಲ್ಲಿ ವಿಜಯಪುರದ ಮಾತು, ಬಿಲ್ಡಿಂಗಿನ ಮೆಟ್ಟಿಲ ಮೇಲೆ ಮರಾಠಿ, ರಸ್ತೆಗೆ ಇಳಿದರೆ ಹಿಂದಿ, ಸಿಟ್ಟು ಬಂದಾಗ ಮೂರೂ ಒಟ್ಟಿಗೆ. ಅಂಥ ಬಾಯಿಗೆ ಮೈಕು ಕೊಟ್ಟರೆ ಸಂಸ್ಥೆಯ ಮರ್ಯಾದೆ ಏನಾಗಬೇಕು? ಆದ್ದರಿಂದ ಭಾಷಣವನ್ನು ಟೀಚರ್ ಬರೆದುಕೊಡುವುದು, ಚೆನ್ನಾಗಿ ಬಾಯಿಪಾಠ ಮಾಡುವ ಮಗು ಅದನ್ನು ಒಪ್ಪಿಸುವುದು ಎಂಬ ಪದ್ಧತಿ ಇದೆ. ಪದ್ಧತಿ ಎಂದೆ, ಆದರೆ ಅದನ್ನು ಶುರು ಮಾಡಿದವಳೂ ನಾನೇ.

ಮೊದಲ ವರ್ಷ ಆ ಭಾಷಣ ಬರೆಯಲು ಕುಳಿತಾಗ ನಾನು ಧಾರವಾಡದಿಂದ ಮದುವೆಯಾಗಿ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ಶಾಲೆ ಎಂದ ಕೂಡಲೇ ನನಗೆ ಕಂಡದ್ದು ನಾನು ಓದಿದ ಶಾಲೆ. ಬರೆದೆ ನೋಡಿ, ಮನಸಾರೆ ಬರೆದೆ. ಅಂಗಳದ ಮಾವಿನ ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದ ದಿನಗಳು, ಬಾವಿಕಟ್ಟೆಯ ಮೇಲೆ ಹಂಚಿಕೊಂಡ ಗುಟ್ಟುಗಳು, ವಿಶಾಲವಾದ ಆಟದ ಬಯಲು. ನಮ್ಮ ಶಾಲೆ ಇರುವುದು ಒಂದು ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ. ಕೆಳಗೆ ಅಂಗಡಿಗಳು, ಪಕ್ಕದಲ್ಲಿ ಲೋಕಲ್ ರೈಲಿನ ಹಳಿ. ಆಟಕ್ಕೆ ಟೆರೇಸು, ಅದೂ ನೀರಿನ ಟಾಕಿ ಬಿಟ್ಟು ಉಳಿದಷ್ಟು ಜಾಗ. ಬಾವಿ ಇರಲಿ, ಕುಂಡದಲ್ಲಿ ಒಂದು ತುಳಸಿ ಕೂಡ ಇಲ್ಲ. ಆದರೂ ಇಪ್ಪತ್ತೆರಡು ವರ್ಷ ಇಪ್ಪತ್ತೆರಡು ಮಕ್ಕಳು ಆ ಮಾವಿನ ಮರವನ್ನು ನೆನೆದು ಗದ್ಗದಿತರಾದರು, ಕೆಳಗೆ ಕುಳಿತ ತಾಯಂದಿರು ಕಣ್ಣೊರೆಸಿಕೊಂಡರು. ಒಮ್ಮೆ ಹಳೆಯ ವಿದ್ಯಾರ್ಥಿಯೊಬ್ಬ, ಈಗ ವಿಮಾನ ನಿಲ್ದಾಣದಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ, ಶಾಲೆಗೆ ಬಂದು ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿ, "ಟೀಚರ್, ಆ ಮಾವಿನ ಗಿಡಾ ಕಡದಬಿಟ್ರ್ಯಾ?" ಎಂದು ಕೇಳಿದ. ಅವನ ಕಣ್ಣಲ್ಲಿ ನೀರಿತ್ತು. "ಹೂಂನಪಾ, ಏನ ಮಾಡೂದು" ಎಂದೆ.

ಇನ್ನು ಹೊಗಳಿಕೆ. ಭಾಷಣದ ಕೊನೆಯ ಭಾಗದಲ್ಲಿ ಗುರುವೃಂದವನ್ನು ಸ್ಮರಿಸುವುದು ವಾಡಿಕೆ. ಗಣಿತದವರಿಗೆ ಒಂದು ಸಾಲು, ವಿಜ್ಞಾನದವರಿಗೆ ಒಂದು ಸಾಲು. ಆಮೇಲೆ "ಅದರಲ್ಲೂ ನಮ್ಮ ಕನ್ನಡದ ಟೀಚರ್" ಎಂದು ಶುರುವಾಗಿ ನಾಲ್ಕು ಸಾಲು. ಮೊದಲ ವರ್ಷ ಎರಡೇ ಇದ್ದವು, ಸೇವಾ ಹಿರಿತನದ ಜೊತೆಗೆ ಬೆಳೆದವು. ಆ ಸಾಲುಗಳು ಬಂದಾಗ ನಾನು ತಲೆ ತಗ್ಗಿಸಿ ಸೆರಗು ಸರಿಪಡಿಸಿಕೊಳ್ಳುತ್ತೇನೆ. ಆ ಭಂಗಿಯನ್ನೂ ನಾನು ಮನೆಯ ಕನ್ನಡಿಯ ಮುಂದೆ ಒಂದೆರಡು ಸಲ ಮಾಡಿ ನೋಡಿದ್ದುಂಟು.

ಈ ವರ್ಷ ಹತ್ತನೆಯಲ್ಲಿ ಹನ್ನೊಂದು ಮಕ್ಕಳು. ಅವರಲ್ಲಿ ಚುರುಕಾದವಳು ಶಬಾನಾ. ಆಂಟಾಪ್ ಹಿಲ್‌ನಲ್ಲಿ ಮನೆ. ತಂದೆ ವಿಜಯಪುರದ ಕಡೆಯವರು, ಹೊಲಿಗೆ ಮಷೀನು ರಿಪೇರಿ ಮಾಡುತ್ತಾರೆ. ಹುಡುಗಿಗೆ ಪಾರ್ಲೆಯ ಕಾಲೇಜಿನಲ್ಲಿ ವಿಜ್ಞಾನ ಓದಬೇಕೆಂಬ ಹಟ, ಅದಕ್ಕೆ ತಕ್ಕ ಓದೂ ಇದೆ. ಅವಳನ್ನು ಕರೆದು ಭಾಷಣದ ಹಾಳೆ ಕೈಗಿಟ್ಟೆ. ಅವಳು ಅಲ್ಲೇ ನಿಂತು ಪೂರ್ತಿ ಓದಿದಳು. ಇದು ಮೊದಲನೆಯ ಅಪಶಕುನ. ಇಷ್ಟು ವರ್ಷ ಯಾರೂ ಅದನ್ನು ಓದಿರಲಿಲ್ಲ, ಬಾಯಿಪಾಠ ಮಾಡಿದ್ದರು ಅಷ್ಟೆ.

"ಟೀಚರ್, ಇದರಾಗ ನಾವು ಎಲ್ಲಿ ಅದೀವಿ?" ಎಂದಳು.

ಅವಳ ಹಿಂದೆ ನಿಂತು ಇಣುಕುತ್ತಿದ್ದ ಮಹಾಂತೇಶ, "ಸಚ್ ಬೋಲೂ ಟೀಚರ್? ಯೇ ಅಪನಾ ಸ್ಕೂಲ್ ತೋ ಹೈ ಹೀ ನಹೀ. ಇದು ಯಾರದೋ ಬ್ಯಾರೆ ಸಾಲಿ ಐತಿ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಇಪ್ಪತ್ತೆರಡು ವರ್ಷದಿಂದ ಎಲ್ಲಾರೂ ಓದ್ಯಾರ. ನಿಮಗೇನ ಕೋಡು ಬಂದಾವ?" ಎಂದೆ. ಶಬಾನಾ ಹಾಳೆಯನ್ನು ನೀಟಾಗಿ ಮಡಚಿ ನನ್ನ ಮೇಜಿನ ಮೇಲಿಟ್ಟು, "ಹಂಗಾರ ಅವರನ್ನ ಕರೀರಿ ಟೀಚರ್. ನಮ್ಮದು ನಾವು ಬರಕೋತೀವಿ" ಎಂದು ಹೇಳಿ ಹೋದಳು. ಉಳಿದ ಹತ್ತೂ ಮಕ್ಕಳು ಅವಳ ಹಿಂದೆ ಹೋದರು. ಒಂದು ಮಗುವಾದರೂ ತಿರುಗಿ ನೋಡಲಿ ಎಂದು ಕಾದೆ. ನೋಡಲಿಲ್ಲ.

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಫೋರ್ಟಿನ ಬ್ಯಾಂಕಿನಿಂದ ಬಂದ ಯಜಮಾನರು ಏನಾಯಿತೆಂದು ಕೇಳಿದರು, ಹೇಳಿದೆ. ಅವರು ಬೂಟು ಬಿಚ್ಚುತ್ತ, "ಅಂಗಳದ ಮಾವಿನ ಮರದ ನೆರಳಿನಲ್ಲಿ..." ಎಂದು ಶುರುಮಾಡಿ ಮೊದಲ ಪರಿಚ್ಛೇದವನ್ನು ತಡವರಿಸದೆ ಒಪ್ಪಿಸಿದರು. ಆಮೇಲೆ, "ನನಗೂ ಬಾಯಿಪಾಠ ಆಗೇದ. ಬೇಕಾದ್ರ ಈ ಸಲ ನಾನ ಹೇಳತೇನಿ" ಎಂದರು. ಆ ದಿನ ಅವರಿಗೆ ಚಹಾ ಸ್ವಲ್ಪ ತಡವಾಗಿ ಸಿಕ್ಕಿತು.

ನಿಜ ಹೇಳಬೇಕೆಂದರೆ ಆ ಹುಡುಗಿಯ ಪ್ರಶ್ನೆ ನನ್ನನ್ನು ಚುಚ್ಚಿತ್ತು. ಹತ್ತು ವರ್ಷ ಅದೇ ಮೆಟ್ಟಿಲು ಹತ್ತಿ ಬಂದ ಮಕ್ಕಳು ಕೊನೆಯ ದಿನ ನನ್ನ ಬಾಲ್ಯವನ್ನು ನೆನೆದು ಅಳಬೇಕು ಎಂದು ಯಾವ ನ್ಯಾಯ ಹೇಳುತ್ತದೆ? ಮರುದಿನ ತರಗತಿಗೆ ಹೋಗಿ, "ಬರೀರಿ. ಆದರ ನನಗ ಒಮ್ಮೆ ತೋರಸ್ರಿ" ಎಂದೆ. "ನೀವು ನೋಡಿದ್ರ ತಿದ್ದತೀರಿ" ಎಂದಳು ಶಬಾನಾ. ಇಪ್ಪತ್ತೆರಡು ವರ್ಷ ಕೆಂಪು ಪೆನ್ನು ಹಿಡಿದವಳಿಗೆ ಹೇಳುವ ಮಾತೇ ಇದು? ಆದರೆ ಸುಳ್ಳಾಗಿರಲಿಲ್ಲ. ವಾರಪೂರ್ತಿ ಹನ್ನೊಂದು ಜನ ಟೆರೇಸಿನಲ್ಲಿ ಟಾಕಿಯ ಪಕ್ಕ ಕುಳಿತು ಜಗಳವಾಡುತ್ತ ಬರೆದರು. ಸಮಾರಂಭದ ಹಿಂದಿನ ದಿನ ಶಾಲೆ ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳು ನನ್ನನ್ನು ತಡೆದು ನಿಲ್ಲಿಸಿ, "ಭಾಷಣ ನೀವು ನೋಡಿದ್ದೀರಲ್ಲ ಟೀಚರ್? ಮುಖ್ಯ ಅತಿಥಿ ದೊಡ್ಡ ಜನ ಮಾರಾಯ್ರೆ" ಎಂದರು. ಅವರು ಕರಾವಳಿಯವರು, ಯಾವ ವಿಷಯಕ್ಕಾದರೂ ಬೇಗ ಗಾಬರಿಯಾಗುತ್ತಾರೆ. "ನೋಡೀನಿ. ಭಾಳ ಚೊಲೋ ಅದ" ಎಂದೆ. ನೋಡದೆಯೇ ಚೆನ್ನಾಗಿದೆ ಎಂದದ್ದು ನನ್ನ ವೃತ್ತಿಜೀವನದಲ್ಲೇ ಮೊದಲು.

ಸಮಾರಂಭದ ದಿನ ಶಬಾನಾ ಮೈಕಿನ ಮುಂದೆ ನಿಂತಳು. ಕೈಯಲ್ಲಿ ಹಾಳೆ ಇತ್ತು, ನೋಡಲಿಲ್ಲ.

"ಎಲ್ಲಾರಿಗೂ ನಮಸ್ಕಾರ. ನಾವು ಹನ್ನೊಂದು ಮಂದಿ. ನಮ್ಮ ಕ್ಲಾಸು ಮೂರನೇ ಮಾಳಿಗಿ ಮ್ಯಾಲ ಐತಿ. ಕಿಡಕ್ಯಾಗಿಂದ ಲೋಕಲ್ ಕಾಣಸತೈತಿ. ಲೋಕಲ್ ಬಂದಾಗ ಟೀಚರ್ ಬಾಯಿ ತಕ್ಕೊಂಡ ನಿಂದರತಾರ. ಅದು ಹೋದ ಮ್ಯಾಲ ಮತ್ತ ಶುರು ಮಾಡತಾರ. ಹಿಂಗಾಗಿ ಅರ್ಧಾ ವ್ಯಾಕರಣ ನಮಗ ಕೇಳಿಸೇ ಇಲ್ಲ. ಉಳದ ಅರ್ಧದಾಗ ಪಾಸ್ ಆಗೀವಿ."

ಸಭೆ ನಕ್ಕಿತು. ನಾನು ಅಭ್ಯಾಸಬಲದಿಂದ ಸೆರಗಿಗೆ ಕೈ ಹಾಕಿದವಳು ಅಲ್ಲೇ ಬಿಟ್ಟೆ.

"ಹುಡಗ್ಯಾರ ಸಂಡಾಸದ ಚಿಲಕ ಮುರದು ಮೂರು ವರ್ಷ ಆತು. ಒಬ್ಬಾಕಿ ಒಳಗ, ಒಬ್ಬಾಕಿ ಹೊರಗ ಬಾಗಲಾ ಹಿಡಕೊಂಡು. ನಮ್ಮ ದೋಸ್ತಿ ಅಲ್ಲೇ ಗಟ್ಟಿ ಆತು. ನಾಕು ಸಲ ಅರ್ಜಿ ಕೊಟ್ಟೀವಿ. ಈ ಸ್ಟೇಜಿಗೆ ಹೊಸಾ ಪರದೆ ಬಂತು, ಚಿಲಕ ಬರಲಿಲ್ಲ. ನಮ್ಮ ಬಿಲ್ಡಿಂಗ್‌ನವರು ಕನ್ನಡ ಮೀಡಿಯಂ ಅಂದ್ರ 'ಅರೆರೆ, ಬೇಚಾರೀ' ಅಂತಾರ. ಪ್ರತಿ ವರ್ಷ ಇಲ್ಲಿ ಬರೋ ದೊಡ್ಡವರು ಕನ್ನಡ ಉಳಸ್ರಿ ಅಂತ ನಮಗ ಹೇಳತಾರ. ನಾವು ದಿನಾ ಮಾತಾಡತೀವಿ, ಅದು ಉಳದೈತಿ. ನಿಮ್ಮ ಮಕ್ಕಳು ಯಾವ ಸಾಲಿಗೆ ಹೋಗತಾರ? ಅವರಿಗೆ ಯಾರು ಹೇಳತಾರ? ನಮಗ ಪಾಪ ಅನಬ್ಯಾಡ್ರಿ. ಮೂರು ಭಾಷಾದಾಗ ಜಗಳಾ ಮಾಡೂದು ಕಲ್ತೀವಿ. ಎಲ್ಲಿ ಹೋದ್ರೂ ಬದಕತೀವಿ. ಥ್ಯಾಂಕ್ ಯೂ."

ಹಿಂದಿನ ಸಾಲಿನ ತಾಯಂದಿರು ಚಪ್ಪಾಳೆ ತಟ್ಟಿದರು, ನಾನು ಎಂದೂ ಕೇಳಿರದಷ್ಟು ಜೋರಾಗಿ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಮುಖ್ಯ ಅತಿಥಿಗಳು ತಮ್ಮ ಭಾಷಣದ ಚೀಟಿಯನ್ನು ಕಿಸೆಯೊಳಗೆ ತಳ್ಳಿ ಆರೋಗ್ಯವೇ ಭಾಗ್ಯ ಎಂಬ ವಿಷಯದ ಮೇಲೆ ಎರಡು ಮಾತಾಡಿದರು. ನಾನು ನನ್ನ ಚಪ್ಪಲಿ ನೋಡುತ್ತ ಕುಳಿತೆ, ಯಾಕೆಂದರೆ ನನ್ನ ಮಗಳು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಮಕ್ಕಳಿಗೆ ಅದು ಗೊತ್ತು. ಅವರು ನನ್ನ ಹೆಸರು ಹೇಳದೆ ಬಿಟ್ಟದ್ದು ದೊಡ್ಡ ಮನಸ್ಸು.

ಅತಿಥಿಗಳನ್ನು ಕಳಿಸಿದ ಕೂಡಲೇ ಕಾರ್ಯದರ್ಶಿಗಳು ನನ್ನನ್ನೂ ಶಬಾನಾಳನ್ನೂ ಆಫೀಸಿಗೆ ಕರೆಸಿದರು. ಅಲ್ಲಿ ನಮ್ಮ ಅಧ್ಯಕ್ಷರೂ ಇದ್ದರು. ಬೆಳಗಾವಿಯ ಹಿರಿಯರು, ಬಟ್ಟೆ ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟಿದ್ದಾರೆ, ಸಭೆಗಳಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಕಾರ್ಯದರ್ಶಿಗಳ ಮುಖ ಕೆಂಪಾಗಿತ್ತು. "ಎಂಥ ಅಧಿಕಪ್ರಸಂಗ ಇದು? ಲೀವಿಂಗ್ ಸರ್ಟಿಫಿಕೇಟಿನಲ್ಲಿ ವರ್ತನೆ ಅಂತ ಒಂದು ಕಾಲಂ ಉಂಟಲ್ಲ, ಅದರಲ್ಲಿ ಎಂಥ ಬರೀಬೇಕು ಅಂತ ನನಗೆ ಗೊತ್ತುಂಟು" ಎಂದರು.

ಶಬಾನಾಳ ಮುಖ ಮೊದಲ ಸಲ ಸಣ್ಣದಾಯಿತು. ಆ ಕಾಗದ ಎಂಥದು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಕಾಲೇಜಿನ ಕೌಂಟರಿನಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಅದು ಜನ್ಮಪೂರ್ತಿ ಬೆನ್ನಿಗೆ ಬರುತ್ತದೆ. ಹತ್ತು ವರ್ಷದ ಓದಿನ ಕೊನೆಗೆ ಯಾರೋ 'ಅತೃಪ್ತಿಕರ' ಎಂದು ಬರೆದುಬಿಟ್ಟರೆ ಅಳಿಸುವುದು ಯಾರು? ಆದರೂ ಹುಡುಗಿ ಗದ್ದ ಎತ್ತಿ, "ಸರ್, ಭಾಷಣ ನಾವ ಬರ..." ಎಂದು ಶುರುಮಾಡಿದಳು.

"ನಾ ಬರದೀನಿ" ಎಂದೆ.

ಮೂವರೂ ನನ್ನ ಕಡೆ ತಿರುಗಿದರು. "ಇಪ್ಪತ್ತೆರಡು ವರ್ಷದಿಂದ ಈ ಸಾಲ್ಯಾಗ ಭಾಷಣಾ ಯಾರ ಬರೀತಾರ್ರಿ? ನಾನು. ಇದನ್ನೂ ನಾನ ಬರದೀನಿ. ಅಕ್ಷರಕ್ಷರ ನಂದು. ಬರಿಯೂದಿದ್ರ ನನ್ನ ಸರ್ವಿಸ್ ಬುಕ್ಕಿನ್ಯಾಗ ಬರೀರಿ" ಎಂದೆ. ಶಬಾನಾ ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಪರಿಚಿತ. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ನಾನು ಹಾಗೆಯೇ ನೋಡುತ್ತೇನೆ. "ನೀ ಹೊರಗ ಹೋಗು" ಎಂದು ಗದರಿದೆ. ಬಾಗಿಲಾಚೆ ಹೋದಳು, ಅದಕ್ಕಿಂತ ಮುಂದೆ ಹೋಗಲಿಲ್ಲ.

ಲಿಖಿತ ವಿವರಣೆ ಕೊಡಿ ಎಂದರು ಕಾರ್ಯದರ್ಶಿಗಳು. ಕುಳಿತು ಕೊಟ್ಟೆ. "ಸದರಿ ಭಾಷಣವನ್ನು ನಾನೇ ಬರೆದಿರುತ್ತೇನೆ. ಚಿಲಕವನ್ನು ಸೋಮವಾರದೊಳಗೆ ಹಾಕಿಸಬೇಕಾಗಿ ವಿನಂತಿ." ಕೆಳಗೆ ಸಹಿ, ಪೂರ್ತಿ ಹೆಸರು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ. ಆದರೆ ಅಷ್ಟು ಸಂತೋಷದಿಂದ ನಾನು ಯಾವ ಕಾಗದಕ್ಕೂ ಸಹಿ ಹಾಕಿದ್ದಿಲ್ಲ.

ಅಧ್ಯಕ್ಷರು ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕ ಮೇಲೇರಿಸಿ, ಎರಡು ಸಲ ಓದಿದರು. "ಬರದಾವರು ಒಪ್ಪಿಕೊಂಡ ಮ್ಯಾಲ ಹುಡಿಗೀದೇನ್ರಿ ತಪ್ಪು? ಬಾಯಿಪಾಠ ಮಾಡ್ಯಾಳ, ಅಷ್ಟ. ಆಕೀ ಲೀವಿಂಗ್ ಮ್ಯಾಲ 'ಉತ್ತಮ' ಅಂತ ನನ್ನ ಮುಂದ ಬರೀಬೇಕು ನೋಡ್ರಿ. ಹಂಗ ಚಿಲಕಾನೂ ಹಾಕಸ್ರಿ" ಎಂದು ಕಾರ್ಯದರ್ಶಿಗಳಿಗೆ ಹೇಳಿದರು. ನಾನು ಉಸಿರು ಬಿಟ್ಟೆ. ಬಾಗಿಲಾಚೆ ಯಾರೋ ಉಸಿರು ಬಿಟ್ಟದ್ದೂ ಕೇಳಿಸಿತು. ಎದ್ದು ಹೊರಡುವಾಗ ಆ ಹಿರಿಯರು ನನ್ನನ್ನು ಹತ್ತಿರ ಕರೆದು, ಗುಟ್ಟು ಹೇಳುವ ದನಿಯಲ್ಲಿ ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಒಂದ ಮಾತ ಹೇಳತೇನಿ, ಬ್ಯಾಸರಾ ಮಾಡಕೋಬ್ಯಾಡ್ರಿ ಟೀಚರ್ ಬಾಯಾರ. ಇಪ್ಪತ್ತೆರಡು ವರ್ಷದಾಗ ನೀವು ಬರದದ್ದರಾಗ ಇದೊಂದ ಚೊಲೋ ಇತ್ತು."

ಬಾಗಿಲಾಚೆಯಿಂದ ನಗು ತಡೆದುಕೊಂಡ ಸದ್ದು ಬಂತು. ನಾನು ತಲೆ ತಗ್ಗಿಸಿ, ಕೈ ಜೋಡಿಸಿ, "ಎಲ್ಲಾ ನಿಮ್ಮ ಆಶೀರ್ವಾದ್ರಿ" ಎಂದೆ.